ನಿದ್ದೆ ಬಾರದವರಿಗೆ ಯಾವ ದಾರಿ? ಮಾತ್ರೆ, ಮೆಲಟೋನಿನ್, ಮನೆಮದ್ದು, ಸಿಬಿಟಿ-ಐ: ಒಂದು ಹೋಲಿಕೆ

ರಾತ್ರಿ ಎರಡು ಗಂಟೆಗೆ ಮೊಬೈಲ್ ತೆಗೆದು ನಿದ್ದೆಗೆ ಮದ್ದು ಹುಡುಕುವವರಿಗೆ ಉತ್ತರಕ್ಕೇನೂ ಬರ ಇಲ್ಲ. ಒಬ್ಬರು ಜಾಯಿಕಾಯಿ ಹಾಲು ಕುಡಿಯಿರಿ ಎನ್ನುತ್ತಾರೆ. ಇನ್ನೊಬ್ಬರು ಮೆಲಟೋನಿನ್ ಎನ್ನುತ್ತಾರೆ. ಮೆಡಿಕಲ್ ಶಾಪಿನವರು ಪರಿಚಯದವರಾದರೆ ಒಂದು ಸ್ಟ್ರಿಪ್ ಸುಮ್ನೆ ಕೈಗೆ ಬರುತ್ತದೆ. ಅಕ್ಕನ ಮಗಳು ಯಾವುದೋ ಆ್ಯಪ್ ಕಳಿಸುತ್ತಾಳೆ. ಪ್ರತಿಯೊಂದಕ್ಕೂ "ನನಗಂತೂ ಇದರಿಂದಲೇ ವಾಸಿ ಆಯ್ತು" ಎನ್ನುವವರು ಸಿಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ನಿದ್ದೆ ಕೆಟ್ಟ ಕಾರಣ ಬೇರೆ, ನಿಮ್ಮದು ಬೇರೆ ಇರಬಹುದು, ಅಷ್ಟೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿದ್ದೆ ಕೆಟ್ಟು ಎಷ್ಟು ದಿನ ಆಯಿತು ಎನ್ನುವುದರ ಮೇಲೆ ಆಯ್ಕೆ ಮಾಡಬೇಕು. ಎರಡು ವಾರದ ತೊಂದರೆಗೆ ಸರಿಹೋಗುವುದು ಎರಡು ವರ್ಷದ ತೊಂದರೆಗೆ ಸಾಲುವುದಿಲ್ಲ. ಬೇಗ ಕೆಲಸ ಮಾಡುವುದೆಲ್ಲ ಬಾಳಿಕೆ ಬರುವುದೂ ಇಲ್ಲ.

ಮೊದಲು ನಿಮ್ಮದು ಯಾವ ಬಗೆ ನೋಡಿಕೊಳ್ಳಿ

ಮನೆಯಲ್ಲಿ ಸಾವು, ಮಗಳ ಮದುವೆ, ಕೆಲಸ ಹೋದದ್ದು, ಆಸ್ಪತ್ರೆ ಓಡಾಟ. ಇಂಥದ್ದರಿಂದ ಕೆಲವು ದಿನ, ಕೆಲವು ವಾರ ನಿದ್ದೆ ಕೆಡುತ್ತದೆ. ಬಹಳ ಜನಕ್ಕೆ ಇದು ತಾನಾಗಿಯೇ ಸರಿಹೋಗುತ್ತದೆ. ವಾರಕ್ಕೆ ಮೂರು ರಾತ್ರಿಯಾದರೂ ಕೆಟ್ಟು, ಅದು ಮೂರು ತಿಂಗಳು ದಾಟಿದರೆ ವೈದ್ಯರು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ.

ಈ ಎರಡರ ನಡುವೆ ಏನಾಗುತ್ತದೆ ಎನ್ನುವುದನ್ನು ಅಮೆರಿಕದ ಮನೋವಿಜ್ಞಾನಿ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಚೆನ್ನಾಗಿ ವಿವರಿಸಿದರು. ಕೆಲವರ ಸ್ವಭಾವದಲ್ಲೇ ನಿದ್ದೆ ತೆಳು. ಯಾವುದೋ ಘಟನೆ ಅದನ್ನು ಕೆಡಿಸುತ್ತದೆ. ಆಮೇಲೆ ಘಟನೆ ಮುಗಿದರೂ ನಾವು ಕಲಿತ ಅಭ್ಯಾಸಗಳು ತೊಂದರೆಯನ್ನು ಉಳಿಸಿಕೊಳ್ಳುತ್ತವೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತೇವಲ್ಲ, ಅದು ಅರ್ಧ ಮಾತ್ರ ನಿಜ. ಚಿಂತೆ ಹೋದ ಮೇಲೂ ನಿದ್ದೆ ವಾಪಸ್ ಬರದವರು ಎಷ್ಟೋ ಜನ. ನಿನ್ನೆ ನಿದ್ದೆ ಆಗಿಲ್ಲ ಅಂತ ಒಂಬತ್ತಕ್ಕೇ ಹೋಗಿ ಮಲಗುವುದು, ಮಧ್ಯಾಹ್ನ ಊಟ ಆದ ಮೇಲೆ ಎರಡು ಗಂಟೆ ಉರುಳುವುದು, ಗಡಿಯಾರ ನೋಡಿ "ಇನ್ನು ನಾಲ್ಕೇ ಗಂಟೆ ಉಳಿದಿದೆ" ಅಂತ ಲೆಕ್ಕ ಹಾಕುವುದು. ಇವೇ ಅವರನ್ನು ಕಾಡುತ್ತಿರುತ್ತವೆ.

ಇನ್ನು ಕೆಲವು ನಿದ್ದೆಗೇಡಿನ ವೇಷದಲ್ಲಿ ಬರುವ ಬೇರೆ ಕಾಯಿಲೆಗಳು. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ಕಟ್ಟಿ ಗಕ್ಕನೆ ಏಳುವವರಿಗೆ ಸ್ಲೀಪ್ ಅಪ್ನಿಯಾ ಇರಬಹುದು. ಮಲಗಿದ ತಕ್ಷಣ ಕಾಲಲ್ಲಿ ಹುಳ ಹರಿದ ಹಾಗಾಗಿ, ಎದ್ದು ಓಡಾಡಿದರೆ ಸಮಾಧಾನ ಆಗುವವರು ಕಬ್ಬಿಣಾಂಶದ ರಕ್ತಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಜಾಸ್ತಿಯಾದರೂ ನಿದ್ದೆ ಹೋಗುತ್ತದೆ. ನಸುಕಿನ ಮೂರಕ್ಕೇ ಎಚ್ಚರವಾಗಿ, ಬೆಳಿಗ್ಗೆ ಯಾವುದರಲ್ಲೂ ಆಸಕ್ತಿ ಇಲ್ಲ ಎನ್ನಿಸಿದರೆ ಖಿನ್ನತೆಯನ್ನು ನೋಡಬೇಕು. ಸ್ಟೆರಾಯ್ಡ್ ಮಾತ್ರೆಯನ್ನು ಸಂಜೆ ತೆಗೆದುಕೊಂಡರೆ ನಿದ್ದೆ ದೂರ. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆಯನ್ನು ರಾತ್ರಿ ನುಂಗಿದರೆ ಮೂರು ಸಲ ಏಳುವುದು ಖಾತ್ರಿ. ಇವಕ್ಕೆ ಕೆಳಗಿನ ಯಾವ ಆಯ್ಕೆಯೂ ಮೊದಲ ಮದ್ದಲ್ಲ.

ಕೆಲಸ ಮುಗಿಸಿ ಹನ್ನೊಂದೂವರೆಗೆ ಮನೆ ಸೇರಿ, ಐದಕ್ಕೆ ಎದ್ದು ನೀರು ಹಿಡಿಯಬೇಕಾದವರಿಗೆ ಇರುವುದು ನಿದ್ದೆಯ ಕಾಯಿಲೆ ಅಲ್ಲ, ಹೊತ್ತಿನ ಕೊರತೆ. ಅವರಿಗೆ ಮಾತ್ರೆ ಕೊಟ್ಟು ಪ್ರಯೋಜನ ಇಲ್ಲ.

ಯಾವ ಅಳತೆಯಲ್ಲಿ ತೂಗೋಣ

ನಾನು ಐದು ವಿಷಯ ನೋಡುತ್ತೇನೆ. ಎಷ್ಟು ಬೇಗ ಪರಿಣಾಮ ಕಾಣುತ್ತದೆ. ನಿಲ್ಲಿಸಿದ ಮೇಲೂ ಉಳಿಯುತ್ತದೆಯೇ. ಮರುದಿನ ಹಗಲು ಹೇಗಿರುತ್ತದೆ. ಬಿಡುವುದು ಎಷ್ಟು ಕಷ್ಟ. ದುಡ್ಡು ಮತ್ತು ಸಮಯ ಎಷ್ಟು ಬೇಕು. ಇವುಗಳಲ್ಲಿ ನಮ್ಮ ಜನ ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ನೋಡುತ್ತಾರೆ. ಮಾತ್ರೆ ಯಾವಾಗಲೂ ಗೆಲ್ಲುವುದು ಅದಕ್ಕೇ.

ನಿದ್ದೆ ಮಾತ್ರೆ

ಇಲ್ಲಿ ಹೆಚ್ಚಾಗಿ ಬರೆಯುವುದು ಆಲ್ಪ್ರಜೋಲಾಮ್, ಕ್ಲೋನಜೆಪಾಮ್, ಜೋಲ್ಪಿಡೆಮ್. ಬೆಲೆಯಲ್ಲಿ ಇವನ್ನು ಮೀರಿಸುವುದು ಕಷ್ಟ, ಒಂದು ಮಾತ್ರೆಗೆ ಕೆಲವೇ ರೂಪಾಯಿ. ಅದೇ ರಾತ್ರಿ ಕೆಲಸ ಮಾಡುತ್ತವೆ. ಜೋಲ್ಪಿಡೆಮ್ ಜಾತಿಯ ಮಾತ್ರೆಗಳ ಪ್ರಯೋಗಗಳನ್ನೆಲ್ಲ ಕೂಡಿಸಿ 2012ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಔಷಧಿಯೇ ಇಲ್ಲದ ಹುಸಿ ಮಾತ್ರೆಗಿಂತ ಸುಮಾರು 22 ನಿಮಿಷ ಬೇಗ ನಿದ್ದೆ ಹತ್ತಿತ್ತು. ಬರೀ 22 ನಿಮಿಷವಾ ಅನ್ನಿಸಬಹುದು. ಮೂರು ರಾತ್ರಿ ಕಣ್ಣು ಮುಚ್ಚದವರಿಗೆ ಅದೇ ದೊಡ್ಡದು.

ಈ ಮೂರನ್ನೂ ಒಂದೇ ಅಂತ ತಿಳಿಯಬೇಡಿ. ಜೋಲ್ಪಿಡೆಮ್ ಎರಡೂವರೆ ಗಂಟೆಯಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆಲ್ಪ್ರಜೋಲಾಮ್‌ಗೆ ಸುಮಾರು 11 ಗಂಟೆ ಬೇಕು. ಕ್ಲೋನಜೆಪಾಮ್‌ಗೆ 30ರಿಂದ 40 ಗಂಟೆ. ಅಂದರೆ ಇವತ್ತು ರಾತ್ರಿ ನುಂಗಿದ ಕ್ಲೋನಜೆಪಾಮ್ ನಾಳೆ ನೀವು ಸ್ಕೂಟರ್ ಓಡಿಸುವಾಗಲೂ, ನಾಡಿದ್ದು ಬೆಳಿಗ್ಗೆಯೂ ಒಳಗಿರುತ್ತದೆ. ಬೆಳಿಗ್ಗೆ ತಲೆ ಭಾರ, ಮರೆವು, ಎದ್ದ ತಕ್ಷಣ ತೂರಾಡುವುದು ಇದರಿಂದಲೇ. ಜೋಲ್ಪಿಡೆಮ್ ಬೇಗ ಇಳಿಯುತ್ತದೆ, ಆದರೆ ಅದರ ತಂಟೆ ಬೇರೆ. ನಿದ್ದೆಯಲ್ಲೇ ಎದ್ದು ಓಡಾಡುವುದು, ಅಡುಗೆ ಮಾಡುವುದು, ಗಾಡಿ ಓಡಿಸುವುದು ಇವೆಲ್ಲ ನಡೆದಿವೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2013ರಲ್ಲಿ ಹೆಂಗಸರ ಡೋಸನ್ನು 10 ಮಿಲಿಗ್ರಾಂನಿಂದ 5ಕ್ಕೆ ಇಳಿಸಿತು. 2019ರಲ್ಲಿ ಅತಿ ಕಟ್ಟುನಿಟ್ಟಿನ ಎಚ್ಚರಿಕೆಯನ್ನೂ ಹಾಕಿಸಿತು.

ಮನೆಯಲ್ಲಿ ಆಲ್ಪ್ರಜೋಲಾಮ್ ಅಥವಾ ಜೋಲ್ಪಿಡೆಮ್ ಸ್ಟ್ರಿಪ್ ಇದ್ದರೆ ಹಿಂದೆ ತಿರುಗಿಸಿ ನೋಡಿ. ಕೆಂಪು ಗೆರೆಯ ಚೌಕದೊಳಗೆ ಒಂದು ಎಚ್ಚರಿಕೆ ಇರುತ್ತದೆ. ಅದು ಶೆಡ್ಯೂಲ್ ಎಚ್-1ರ ಗುರುತು. 2014ರಿಂದ ಈ ಪಟ್ಟಿಯ ಔಷಧಿಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಅಂಗಡಿಯವರು ರೋಗಿಯ ಹೆಸರು, ಡಾಕ್ಟರ ಹೆಸರು ಬರೆದು ಮೂರು ವರ್ಷ ಇಟ್ಟಿರಬೇಕು. ಚೀಟಿ ಕೇಳದೆ ಕೊಟ್ಟರು ಅಂತ ಖುಷಿಪಡುವ ವಿಷಯ ಅಲ್ಲ ಇದು.

ಬಿಡುವಾಗ ನಿಜವಾದ ಬೆಲೆ ಗೊತ್ತಾಗುತ್ತದೆ. ಕೆಲವು ವಾರ ದಿನಾ ನುಂಗಿದರೆ ದೇಹ ಒಗ್ಗಿಕೊಳ್ಳುತ್ತದೆ. ಮೊದಲು ಅರ್ಧಕ್ಕೆ ಬರುತ್ತಿದ್ದ ನಿದ್ದೆಗೆ ಒಂದು ಬೇಕಾಗುತ್ತದೆ. ಒಂದು ರಾತ್ರಿ ಬಿಟ್ಟರೆ ಮೊದಲಿಗಿಂತ ಕೆಟ್ಟ ರಾತ್ರಿ. "ನೋಡಿ, ಮಾತ್ರೆ ಇಲ್ಲದೆ ನನಗೆ ನಿದ್ದೆಯೇ ಇಲ್ಲ" ಎಂದು ಅದನ್ನೇ ಸಾಕ್ಷಿ ಮಾಡಿಕೊಳ್ಳುತ್ತಾರೆ. ಅದು ಬಹಳ ಸಲ ಮಾತ್ರೆ ಬಿಟ್ಟ ಪರಿಣಾಮ, ಕಾಯಿಲೆ ಅಲ್ಲ.

ಹಾಗಂತ ಮಾತ್ರೆ ಕೆಟ್ಟದ್ದು ಅಂತ ಸಾರಾಸಗಟಾಗಿ ತಳ್ಳಿಹಾಕುವವರ ಜೊತೆ ನಾನಿಲ್ಲ. ಹತ್ತಿರದವರು ತೀರಿಕೊಂಡ ವಾರ, ಆಪರೇಷನ್ ಆದ ಮೇಲಿನ ದಿನಗಳು, ಇಂಥ ಕಡೆ ಡಾಕ್ಟರು ಎರಡು ವಾರಕ್ಕೆ ಅಂತ ಬರೆದುಕೊಟ್ಟರೆ ಅದು ಉಪಕಾರ. ತೊಂದರೆ ಶುರುವಾಗುವುದು ಮೂರನೇ ವಾರ, ಹಳೇ ಚೀಟಿ ತೋರಿಸಿ ಇನ್ನೊಂದು ಸ್ಟ್ರಿಪ್ ತಂದಾಗ.

ಗೊರಕೆ ಹೊಡೆದು ಉಸಿರು ಕಟ್ಟುವವರು, ಕುಡಿಯುವವರು, ಗರ್ಭಿಣಿಯರು ಇದರ ಹತ್ತಿರ ಸುಳಿಯಬಾರದು. ಮದ್ಯದ ಜೊತೆ ಈ ಮಾತ್ರೆ ಬಿದ್ದರೆ ಉಸಿರೇ ನಿಧಾನವಾಗಿ ಜೀವಕ್ಕೆ ಕುತ್ತು.

ಸಿಬಿಟಿ-ಐ ಎನ್ನುವ ತರಬೇತಿ

ಹೆಸರು ಉದ್ದ: ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ ಫಾರ್ ಇನ್ಸೋಮ್ನಿಯಾ. ಕೂತು ಮಾತಾಡಿಸಿ ಸಮಾಧಾನ ಮಾಡುವ ಕೌನ್ಸೆಲಿಂಗ್ ಅಂದುಕೊಳ್ಳಬೇಡಿ. ಇದರಲ್ಲಿ ಸಮಾಧಾನಕ್ಕಿಂತ ಲೆಕ್ಕಾಚಾರ ಜಾಸ್ತಿ. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಿ ಎಂದು ಅಮೆರಿಕದ ವೈದ್ಯರ ಸಂಸ್ಥೆ ಎಸಿಪಿ 2016ರಲ್ಲೇ ಹೇಳಿದೆ. ಯುರೋಪಿನ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ.

ಅದರ ಮುಖ್ಯ ಭಾಗ ಕೇಳಿದರೆ ಯಾರಿಗಾದರೂ ತಲೆಕೆಳಗು ಎನಿಸುತ್ತದೆ. ನಿದ್ದೆ ಬಾರದವರನ್ನು ಹಾಸಿಗೆಯಿಂದ ದೂರ ಇಡುವುದು! ಒಂದು ಉದಾಹರಣೆ ಲೆಕ್ಕ ಮಾಡೋಣ. ಒಬ್ಬರು ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6:30ಕ್ಕೆ ಏಳುತ್ತಾರೆ. ಹಾಸಿಗೆ ಮೇಲೆ ಎಂಟೂವರೆ ಗಂಟೆ. ಎರಡು ವಾರ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಾಗ ನಿಜವಾಗಿ ನಿದ್ದೆ ಸಿಕ್ಕಿದ್ದು ಸರಾಸರಿ ಐದೂವರೆ ಗಂಟೆ. ಅಂದರೆ ಹಾಸಿಗೆಯಲ್ಲಿ ಕಳೆದ ಹೊತ್ತಿನ ಶೇಕಡಾ 65 ಮಾತ್ರ ನಿದ್ದೆ. ಉಳಿದ ಮೂರು ಗಂಟೆ ಹೊರಳಾಟ. ಈಗ ಅವರಿಗೆ ಹಾಸಿಗೆಯಲ್ಲಿ ಐದೂವರೆ ಗಂಟೆ ಮಾತ್ರ ಅವಕಾಶ. ಬೆಳಿಗ್ಗೆ 6ಕ್ಕೆ ಏಳಬೇಕು ಅಂದರೆ ರಾತ್ರಿ 12:30ಕ್ಕೆ ಮುಂಚೆ ಮಲಗುವ ಹಾಗಿಲ್ಲ. ಭಾನುವಾರವೂ ಅಷ್ಟೇ. ಹಗಲು ನಿದ್ದೆ ಇಲ್ಲ. ಒಂದು ವಾರದ ಸರಾಸರಿ ಶೇಕಡಾ 85 ದಾಟಿದರೆ 15 ನಿಮಿಷ ಬೇಗ, 12:15ಕ್ಕೆ ಮಲಗಬಹುದು. ಹೀಗೆ ವಾರವಾರ ಕಾಲು ಗಂಟೆ ಹಿಂದಕ್ಕೆ. ಎಷ್ಟೇ ಕಡಿಮೆ ನಿದ್ದೆ ಇದ್ದರೂ ಐದು ಗಂಟೆಗಿಂತ ಕೆಳಗೆ ಇಳಿಸುವುದಿಲ್ಲ.

ಇನ್ನೊಂದು ಭಾಗ 1972ರಲ್ಲಿ ರಿಚರ್ಡ್ ಬೂಟ್ಜಿನ್ ರೂಪಿಸಿದ್ದು. ನಿದ್ದೆ ತೂಗಿದಾಗ ಮಾತ್ರ ಹಾಸಿಗೆಗೆ ಹೋಗುವುದು. ಹೊರಳಾಟ ಶುರುವಾಗಿ ಕಾಲು ಗಂಟೆ ಆಯಿತು ಎನ್ನಿಸಿದರೆ, ಗಡಿಯಾರ ನೋಡದೆ, ಎದ್ದು ಬೇರೆ ಕಡೆ ಕೂರುವುದು. ಮತ್ತೆ ಜೊಂಪು ಬಂದಾಗ ವಾಪಸ್. ಹಾಸಿಗೆ ಮೇಲೆ ಮೊಬೈಲ್, ಟಿವಿ, ಇಎಂಐ ಲೆಕ್ಕ ಯಾವುದೂ ಇಲ್ಲ.

ಪುಸ್ತಕದಲ್ಲಿ ಬೇರೆ ರೂಮಿಗೆ ಹೋಗಿ ಅಂತ ಬರೆದಿರುತ್ತದೆ. ಒಂದೇ ರೂಮಿನಲ್ಲಿ ನಾಲ್ಕು ಜನ ಮಲಗುವ ಮನೆಯಲ್ಲಿ ಎಲ್ಲಿಗೆ ಹೋಗುವುದು? ಅಡುಗೆಮನೆಯಲ್ಲಿ ಒಂದು ಸ್ಟೂಲ್ ಸಾಕು. ನೆಲದ ಮೇಲೆ ಹಾಸಿಗೆ ಹಾಸುವವರು ಅದನ್ನು ಸುತ್ತಿಟ್ಟು ಅದೇ ಜಾಗದ ಪಕ್ಕದಲ್ಲಿ ಕೂತರೂ ಆಯಿತು. ಮಂದ ಬೆಳಕು ಇರಲಿ. ಕೈಗೆ ಕೆಲಸ, ತಲೆಗೆ ರಜೆ ಎನ್ನುವಂಥದ್ದು ಮಾಡಿ. ಬಟ್ಟೆ ಮಡಚಿ, ಸೊಪ್ಪು ಬಿಡಿಸಿ. ಅವರೆಕಾಯಿ ಕಾಲದಲ್ಲಂತೂ ಬೋಗುಣಿ ತುಂಬ ನೆನೆಸಿದ ಕಾಳು ಇಟ್ಟುಕೊಂಡು ಹಿಚುಕುತ್ತಾ ಕೂತರೆ ಬೆಳಿಗ್ಗೆ ಹಿತಕಬೇಳೆ ಸಾರಿಗೆ ತಯಾರಿಯೂ ಆಗುತ್ತದೆ, ಹನ್ನೆರಡೂವರೆಯೂ ಆಗುತ್ತದೆ.

ಪರಿಣಾಮ ಎಷ್ಟು? 2015ರ ಒಂದು ದೊಡ್ಡ ವಿಶ್ಲೇಷಣೆಯ ಪ್ರಕಾರ ನಿದ್ದೆ ಹತ್ತುವ ಹೊತ್ತು ಸರಾಸರಿ 19 ನಿಮಿಷ ಕಡಿಮೆಯಾಗುತ್ತದೆ. ನಡುರಾತ್ರಿ ಎಚ್ಚರವಾಗಿರುವುದು 26 ನಿಮಿಷ ಕಡಿಮೆಯಾಗುತ್ತದೆ. ಅಂದರೆ ಮಾತ್ರೆಗೆ ಹೆಚ್ಚುಕಡಿಮೆ ಸಮ. ವ್ಯತ್ಯಾಸ ಆಮೇಲೆ ಕಾಣುತ್ತದೆ. ಮಾತ್ರೆ ನಿಲ್ಲಿಸಿದರೆ ಅದರ ಗುಣ ನಿಲ್ಲುತ್ತದೆ. ಇದನ್ನು ಕಲಿತು ಮುಗಿಸಿದ ಮೇಲೂ ತಿಂಗಳುಗಟ್ಟಲೆ ಗುಣ ಉಳಿಯುತ್ತದೆ. ಅದೇ ವಿಶ್ಲೇಷಣೆಯಲ್ಲಿ ಒಟ್ಟು ನಿದ್ದೆ ಹೆಚ್ಚಿದ್ದು ಎಂಟು ನಿಮಿಷದಷ್ಟು ಮಾತ್ರ. ಎಂಟು ಗಂಟೆ ನಿದ್ದೆ ಸಿಗುತ್ತದೆ ಅಂತ ಹೊರಟವರಿಗೆ ಇದು ನಿರಾಸೆ. ಸಿಗುವುದು ಒಡೆದು ಚೂರಾಗದ, ಒಂದೇ ಓಟದ ನಿದ್ದೆ.

ಇದರ ದೋಷಗಳನ್ನು ಮುಚ್ಚಿಡುವುದಿಲ್ಲ. ಮೊದಲ ಎರಡು ವಾರ ಹಗಲಲ್ಲಿ ತೂಕಡಿಕೆ, ಸಿಡುಕು ಗ್ಯಾರಂಟಿ. ಬಹಳ ಜನ ಕೈಬಿಡುವುದು ಇಲ್ಲೇ. ಲಾರಿ, ಬಸ್ಸು, ಕ್ಯಾಬ್ ಓಡಿಸುವವರು, ಯಂತ್ರದ ಮುಂದೆ ನಿಲ್ಲುವವರು ಈ ಹೊತ್ತು ಕಡಿತವನ್ನು ಸ್ವಂತವಾಗಿ ಮಾಡಬಾರದು. ಮೂರ್ಛೆ ರೋಗ ಅಥವಾ ಬೈಪೋಲಾರ್ ಇದ್ದವರಿಗೆ ನಿದ್ದೆ ಕಡಿಮೆ ಮಾಡುವುದೇ ಅಪಾಯ. ಇನ್ನೊಂದು ಕಷ್ಟ, ಕಲಿಸುವವರು ಸಿಗುವುದು. ಬೆಂಗಳೂರಿನಂಥ ಊರಲ್ಲಿ ಖಾಸಗಿಯಾಗಿ ಹೋದರೆ ಒಂದು ಭೇಟಿಗೆ ಸಾವಿರದಿಂದ ಎರಡು ಸಾವಿರದ ಮೇಲೂ ಆಗಬಹುದು. ಸಾಮಾನ್ಯವಾಗಿ ನಾಲ್ಕರಿಂದ ಎಂಟು ಭೇಟಿ ಬೇಕು. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಸಂಸ್ಥೆಗಳು. ಖರ್ಚು ಕಡಿಮೆ, ಸಾಲು ಉದ್ದ.

ದುಡ್ಡಿಲ್ಲದೆ ಮಾಡುವುದಾದರೆ ಇನ್ಸೋಮ್ನಿಯಾ ಕೋಚ್ ಎಂಬ ಉಚಿತ ಆ್ಯಪ್ ಇದೆ. ಅಮೆರಿಕದ ಮಾಜಿ ಸೈನಿಕರ ಇಲಾಖೆ ಮಾಡಿಸಿದ್ದು. ಇಂಗ್ಲಿಷಿನಲ್ಲಿದೆ, ಆದರೆ ಡೈರಿ ಮತ್ತು ಲೆಕ್ಕವನ್ನು ಅದೇ ನೋಡಿಕೊಳ್ಳುತ್ತದೆ. ಇಂಗ್ಲಿಷ್ ಬಾರದ ಅಮ್ಮನಿಗೆ ಮಗಳು ಪಕ್ಕದಲ್ಲಿ ಕೂತು ತುಂಬಿಸಿಕೊಟ್ಟರೆ ಆಯಿತು.

ಮೆಲಟೋನಿನ್

ಮಾತ್ರೆ, ಚಪ್ಪರಿಸುವ ಗಮ್ಮಿ, ಬಾಯಿಗೆ ಸ್ಪ್ರೇ, ಎಲ್ಲ ರೂಪದಲ್ಲೂ ಆನ್‌ಲೈನಿನಲ್ಲಿ ಸಿಗುತ್ತದೆ. "ನೈಸರ್ಗಿಕ" ಎನ್ನುವ ಹಣೆಪಟ್ಟಿ ಬೇರೆ. ಕತ್ತಲಾದಾಗ ಮಿದುಳೇ ಇದನ್ನು ಸ್ರವಿಸುತ್ತದೆ ಎನ್ನುವುದು ನಿಜ. ಆದರೆ ಅದರ ಕೆಲಸ ರಾತ್ರಿ ಆಯಿತು ಅಂತ ದೇಹಕ್ಕೆ ತಿಳಿಸುವುದು, ಹೊಡೆದು ಮಲಗಿಸುವುದಲ್ಲ. 2013ರ ವಿಶ್ಲೇಷಣೆಯಲ್ಲಿ ನಿದ್ದೆ ಹತ್ತುವ ಹೊತ್ತು ಕಡಿಮೆಯಾದದ್ದು ಸುಮಾರು 7 ನಿಮಿಷ. ಮಾಮೂಲಿ ನಿದ್ರಾಹೀನತೆಗೆ ಇದನ್ನು ಬಳಸಬೇಡಿ ಎಂಬುದೇ ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿಯ 2017ರ ಸಲಹೆ.

ಹಾಗಾದರೆ ಯಾರಿಗೆ ಒಳ್ಳೆಯದು? ದೇಹದ ಗಡಿಯಾರ ತಪ್ಪಿದವರಿಗೆ. ನ್ಯೂಜೆರ್ಸಿಯಲ್ಲಿರುವ ಮಗನ ಮನೆಗೆ ಹೋದ ಅಪ್ಪ ಅಮ್ಮನಿಗೆ ಹಗಲೆಲ್ಲ ನಿದ್ದೆ, ರಾತ್ರಿ ಎಚ್ಚರ. ಅಂಥವರು ಅಲ್ಲಿಯ ರಾತ್ರಿ ಮಲಗುವ ಹೊತ್ತಿಗೆ 2-3 ಮಿಲಿಗ್ರಾಂನಂತೆ ಕೆಲವು ದಿನ ತೆಗೆದುಕೊಂಡರೆ ಪ್ರಯೋಜನ ಇದೆ. ಬೆಳಗಿನ ಬಿಸಿಲಲ್ಲಿ ಅರ್ಧ ಗಂಟೆ ನಡೆದರೆ ಇನ್ನೂ ಒಳ್ಳೆಯದು. ಇನ್ನೊಂದು ಗುಂಪು, ಬಿಟ್ಟರೆ ಮೂರಕ್ಕೆ ಮಲಗಿ ಹನ್ನೊಂದರವರೆಗೆ ಸೊಗಸಾಗಿ ನಿದ್ದೆ ಮಾಡುವ ಕಾಲೇಜು ಹುಡುಗರು. ಇವರಿಗೆ ನಿದ್ದೆ ಇದೆ, ಹೊತ್ತು ತಪ್ಪಿದೆ. ಸಣ್ಣ ಡೋಸನ್ನು ಮಲಗುವುದಕ್ಕೆ ಕೆಲವು ಗಂಟೆ ಮುಂಚೆ ಕೊಡುತ್ತಾರೆ. ಹೊತ್ತನ್ನು ಡಾಕ್ಟರ ಹತ್ತಿರವೇ ಗೊತ್ತುಮಾಡಿಕೊಳ್ಳಿ, ಏಕೆಂದರೆ ತಪ್ಪು ಹೊತ್ತಿನಲ್ಲಿ ಕೊಟ್ಟರೆ ಗಡಿಯಾರ ಇನ್ನಷ್ಟು ಹಿಂದೆ ಬೀಳುತ್ತದೆ.

ಅಪಾಯ ಕಡಿಮೆ, ಚಟ ಹತ್ತುವುದಿಲ್ಲ. ಆದರೂ ಬ್ರಿಟನ್ನಿನಲ್ಲಿ ಇದಕ್ಕೂ ಡಾಕ್ಟರ್ ಚೀಟಿ ಬೇಕು. ಪೂರಕ ಆಹಾರ ಅಂತ ಮಾರುವ ಕಡೆ ಗುಣಮಟ್ಟವೇ ಪ್ರಶ್ನೆ. ಕೆನಡಾದಲ್ಲಿ ಮಾರಾಟಕ್ಕಿದ್ದ ಮೆಲಟೋನಿನ್ ಪರೀಕ್ಷಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಡಬ್ಬಿಯ ಲೇಬಲ್ ಮೇಲೆ ಬರೆದದ್ದಕ್ಕಿಂತ ಶೇಕಡಾ 83ರಷ್ಟು ಕಡಿಮೆಯಿಂದ ಹಿಡಿದು ಶೇಕಡಾ 478ರಷ್ಟು ಹೆಚ್ಚಿನವರೆಗೂ ಸಿಕ್ಕಿತ್ತು. 10 ಮಿಲಿಗ್ರಾಂ ಗಮ್ಮಿ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ.

ನೆಗಡಿ ಮಾತ್ರೆ ಮತ್ತು ಒಂದು ಪೆಗ್

ಎರಡನ್ನೂ ಬೇಗ ಮುಗಿಸಬಹುದು. ಅವಿಲ್‌ನಂಥ ಹಳೇ ಅಲರ್ಜಿ ಮಾತ್ರೆಯಿಂದ ಮಂಪರು ಬರುತ್ತದೆ, ಕೆಲವೇ ದಿನದಲ್ಲಿ ದೇಹ ಒಗ್ಗಿ ಮಂಪರೂ ಹೋಗುತ್ತದೆ. ವಯಸ್ಸಾದವರಿಗೆ ಗೊಂದಲ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಮೂತ್ರ ಕಟ್ಟುವುದು ಉಡುಗೊರೆ. ಮದ್ಯ ಬೇಗ ಮಲಗಿಸುತ್ತದೆ, ರಾತ್ರಿಯ ಎರಡನೇ ಅರ್ಧವನ್ನು ಕೆಡಿಸುತ್ತದೆ. ನಿದ್ದೆಗೆ ಅಂತ ಕುಡಿಯಲು ಶುರುಮಾಡಿದವರಿಗೆ ಕೊನೆಗೆ ಎರಡು ಕಾಯಿಲೆ.

ಮನೆಮದ್ದು, ಅಶ್ವಗಂಧ, ಯೋಗನಿದ್ರೆ

ಮನೆಮದ್ದುಗಳಲ್ಲಿ ನನಗೆ ಇಷ್ಟವಾದದ್ದು ಬಿಸಿನೀರ ಸ್ನಾನ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ, ಸುಮಾರು 40 ಡಿಗ್ರಿ ಬಿಸಿಯ ನೀರಲ್ಲಿ ಹತ್ತು ನಿಮಿಷ. ಕೈಕಾಲಿಗೆ ರಕ್ತ ಹರಿದು ಒಳಮೈಯ ಶಾಖ ಹೊರಹೋಗುತ್ತದೆ. ಮೈ ತಣ್ಣಗಾಗುವುದೇ ನಿದ್ದೆಗೆ ಸೂಚನೆ. 2019ರ ವಿಶ್ಲೇಷಣೆಯಲ್ಲಿ ಇದರಿಂದ ನಿದ್ದೆ ಸುಮಾರು 10 ನಿಮಿಷ ಬೇಗ ಹತ್ತಿತ್ತು. ಮೆಲಟೋನಿನ್‌ನ ಏಳಕ್ಕಿಂತ ಜಾಸ್ತಿ ಅಲ್ವಾ! ಗೀಸರ್ ಕರೆಂಟಿನ ಖರ್ಚಷ್ಟೇ. ಶನಿವಾರ ಎಣ್ಣೆ ನೀರು ಹಾಕಿಕೊಂಡ ದಿನ ಕಣ್ಣು ಎಳೆಯುವುದು ಏಕೆಂದು ಈಗ ಗೊತ್ತಾಯಿತು.

ಜಾಯಿಕಾಯಿ ಹಾಲಿಗೆ ದೊಡ್ಡ ಪುರಾವೆ ಇಲ್ಲ. ಚಿಟಿಕೆಯಷ್ಟು ತೇಯ್ದು ಹಾಕಿದರೆ ತೊಂದರೆಯೂ ಇಲ್ಲ. ಇನ್ನೂ ಸ್ವಲ್ಪ ಹಾಕಿದರೆ ಇನ್ನೂ ನಿದ್ದೆ ಅಂತ ಚಮಚಗಟ್ಟಲೆ ಹಾಕಬೇಡಿ. ಜಾಯಿಕಾಯಿ ಜಾಸ್ತಿಯಾದರೆ ವಾಂತಿ, ಎದೆ ಬಡಿತ, ಭ್ರಮೆ ಬರುತ್ತದೆ. ಗಸಗಸೆ ಪಾಯಸ ಉಂಡ ಮಧ್ಯಾಹ್ನ ಬರುವ ನಿದ್ದೆಯಲ್ಲಿ ಗಸಗಸೆಗಿಂತ ಹಬ್ಬದೂಟದ ಪಾಲು ದೊಡ್ಡದು ಎಂದು ನನ್ನ ಗುಮಾನಿ.

ಅಶ್ವಗಂಧದ ಮೇಲೆ ಚಿಕ್ಕಚಿಕ್ಕ ಪ್ರಯೋಗಗಳು ನಡೆದು, ಸ್ವಲ್ಪ ಗುಣ ಕಂಡಿದೆ. ಪರಿಣಾಮಕ್ಕೆ ವಾರಗಳೇ ಬೇಕು. ಗಿಡಮೂಲಿಕೆ ಅಂದ ಮೇಲೆ ಏನೂ ಆಗಲ್ಲ ಎನ್ನುವುದು ಮಾತ್ರ ತಪ್ಪು. ಅಪರೂಪಕ್ಕೆ ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿಗಳಿವೆ. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಬಿಡುವುದೇ ಲೇಸು. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. ಅದು ಅತಿಯಾಯಿತು ಎನ್ನುವವರೂ ಇದ್ದಾರೆ.

ಯೋಗನಿದ್ರೆ ಉಚಿತ, ಅಪಾಯ ಇಲ್ಲ, ಕನ್ನಡದಲ್ಲೇ ಆಡಿಯೋ ಸಿಗುತ್ತದೆ. ನಮ್ಮ ದೇಶದಲ್ಲೇ ದೀರ್ಘಕಾಲದ ನಿದ್ರಾಹೀನತೆ ಇದ್ದವರ ಮೇಲೆ ಯೋಗನಿದ್ರೆಯನ್ನು ಸಿಬಿಟಿ-ಐ ಜೊತೆ ಹೋಲಿಸಿದ ಪ್ರಯೋಗ 2021ರಲ್ಲಿ ಪ್ರಕಟವಾಗಿದೆ. ಎರಡೂ ಗುಂಪಿಗೆ ಗುಣ ಕಂಡಿತು. ಆದರೆ ಅದರಲ್ಲಿದ್ದವರು ನಲವತ್ತು ಚಿಲ್ಲರೆ ಮಂದಿ, ಅಷ್ಟರ ಮೇಲೆ ದೊಡ್ಡ ತೀರ್ಮಾನ ಆಗದು. ನಾನಾದರೆ ಇದನ್ನು ಸಂಜೆ ಏಳಕ್ಕೆ ಚಾಪೆ ಮೇಲೆ ಮಾಡಿ ಎನ್ನುತ್ತೇನೆ. ರಾತ್ರಿ ಎರಡಕ್ಕೆ ಹಾಸಿಗೆ ಮೇಲೆ ಆಡಿಯೋ ಹಾಕಿ "ಇನ್ನೂ ನಿದ್ದೆ ಬಂದಿಲ್ಲವಲ್ಲ" ಅಂತ ಕಾಯುವುದು ಬೇರೆ ರೂಪದ ಹೊರಳಾಟ.

ದುಡ್ಡು ಕೊಟ್ಟು ಕೊಳ್ಳುವ ವಸ್ತುಗಳು

ಹಾಸಿಗೆ ಹಳ್ಳ ಬಿದ್ದಿದ್ದರೆ ಬದಲಿಸಿ. ಅದು ಬಿಟ್ಟು ನಲವತ್ತು ಸಾವಿರದ ಹಾಸಿಗೆ ನಿದ್ರಾಹೀನತೆ ಗುಣಪಡಿಸುತ್ತದೆ ಎನ್ನುವುದು ಜಾಹೀರಾತಿನ ಮಾತು. ಮೊದಲು ಸೊಳ್ಳೆಪರದೆ, ದಪ್ಪ ಕರ್ಟನ್, ಬೀದಿನಾಯಿ ಬೊಗಳುವ ಕಡೆ ಕಿವಿಗೆ ಇಯರ್‌ಪ್ಲಗ್. ಎಲ್ಲ ಸೇರಿ ಎರಡು ಸಾವಿರ ದಾಟದು.

ಸ್ಮಾರ್ಟ್‌ವಾಚ್ ನಿಮ್ಮ ಅಲುಗಾಟ ಮತ್ತು ನಾಡಿಮಿಡಿತ ನೋಡಿ ನಿದ್ದೆಯನ್ನು ಅಂದಾಜು ಮಾಡುತ್ತದೆ. ನಿದ್ದೆ ಅಂಕ ನೋಡಿ ಬೆಳಿಗ್ಗೆ ಬೇಜಾರು ಮಾಡಿಕೊಳ್ಳುವವರು ಎಷ್ಟಾದರು ಅಂದರೆ, 2017ರಲ್ಲಿ ಸಂಶೋಧಕರು ಆ ಗೀಳಿಗೆ ಆರ್ಥೋಸೋಮ್ನಿಯಾ ಅಂತ ಹೆಸರೇ ಇಟ್ಟರು. ಮೊದಲೇ ನಿದ್ದೆಯ ಭಯ ಇರುವವರು ವಾಚ್ ಬಿಚ್ಚಿಟ್ಟು ಮಲಗಿ.

ಕಾಫಿಯನ್ನು ಇಲ್ಲೇ ಸೇರಿಸುತ್ತೇನೆ, ಏಕೆಂದರೆ ಇದರಲ್ಲಿ ದುಡ್ಡು ಉಳಿಯುತ್ತದೆ. ಕುಡಿದ ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ. ಒಂದು ಪ್ರಯೋಗದಲ್ಲಿ ಮಲಗುವ ಆರು ಗಂಟೆ ಮುಂಚೆ 400 ಮಿಲಿಗ್ರಾಂ ಕೆಫೀನ್ ಕೊಟ್ಟಾಗ ಒಂದು ಗಂಟೆಗಿಂತ ಜಾಸ್ತಿ ನಿದ್ದೆ ಕಡಿಮೆಯಾಗಿತ್ತು. ಅದು ದೊಡ್ಡ ಡೋಸ್, ಮೂರು ನಾಲ್ಕು ಲೋಟ ಕಾಫಿಯಷ್ಟು. ಆದರೂ ಸಂಜೆ ಆರರ ಫಿಲ್ಟರ್ ಕಾಫಿಯನ್ನು ಮಧ್ಯಾಹ್ನ ಎರಡಕ್ಕೆ ಸರಿಸಿ ಎರಡು ವಾರ ನೋಡಿ. "ನಾನು ಕಾಫಿ ಕುಡಿದೂ ಮಲಗುತ್ತೇನೆ" ಎನ್ನುವವರು ಈ ಬರಹ ಓದುತ್ತಿಲ್ಲ ಬಿಡಿ.

ಯಾರಿಗೆ ಯಾವುದು

ತೊಂದರೆ ಶುರುವಾಗಿ ತಿಂಗಳೊಳಗಿದ್ದು, ಕಾರಣ ಕಣ್ಣೆದುರಿಗಿದ್ದರೆ: ಏಳುವ ಹೊತ್ತು ಒಂದೇ ಇಟ್ಟುಕೊಳ್ಳಿ, ಹಗಲು ನಿದ್ದೆ ಬಿಡಿ, ಸಂಜೆ ಬಿಸಿನೀರು, ಯೋಗನಿದ್ರೆ. ತಡೆಯಲಾಗದಷ್ಟಿದ್ದರೆ ಡಾಕ್ಟರು ಬರೆದ ಕೆಲವು ದಿನದ ಮಾತ್ರೆ. ಖರ್ಚು ನೂರಿನ್ನೂರು.

ಮೂರು ತಿಂಗಳು ದಾಟಿದ್ದರೆ ನನ್ನ ಓಟು ಸಿಬಿಟಿ-ಐಗೆ. ದುಡ್ಡಿದ್ದರೆ ಥೆರಪಿಸ್ಟ್, ಇಲ್ಲದಿದ್ದರೆ ಆ್ಯಪ್ ಮತ್ತು ನೋಟ್‌ಬುಕ್. ಪರೀಕ್ಷೆ, ಮದುವೆ, ಪ್ರಯಾಣ ಇರುವ ತಿಂಗಳಲ್ಲಿ ಶುರುಮಾಡಬೇಡಿ. ಮೊದಲ ಎರಡು ವಾರ ಸಾಧಾರಣ ದಿನಗಳಾಗಿರಲಿ.

ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿಗೆ ನಿದ್ದೆ ಇಲ್ಲ ಅಂತ ಮಾತ್ರೆ ಕೇಳುವವರು ಸ್ವಲ್ಪ ನಿಲ್ಲಿ. 65 ದಾಟಿದವರಿಗೆ ಈ ಮಾತ್ರೆಗಳನ್ನು ಆದಷ್ಟೂ ಕೊಡಬೇಡಿ ಎನ್ನುತ್ತದೆ, ವಯಸ್ಸಾದವರಿಗೆ ಸಲ್ಲದ ಔಷಧಿಗಳನ್ನು ಹೇಳುವ ಬಿಯರ್ಸ್ ಪಟ್ಟಿ. ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದರೆ ಸೊಂಟದ ಮೂಳೆ. ಬಹಳ ಸಲ ಅಜ್ಜಿ ಎಂಟಕ್ಕೇ ಮಲಗಿ, ಎರಡಕ್ಕೆ ಎದ್ದಿರುತ್ತಾರೆ. ಆರು ಗಂಟೆ ನಿದ್ದೆ ಆಗಿದೆ! ಅವರನ್ನು ಹತ್ತರವರೆಗೆ ಎಚ್ಚರ ಇಡಲು ಮೊಮ್ಮಕ್ಕಳಿಗೆ ಹೇಳಿ.

ಅಮೆರಿಕದ ಹೊತ್ತಿಗೆ ಕೆಲಸ ಮಾಡುವ ಐಟಿಯವರು, ರಾತ್ರಿ ಪಾಳಿಯ ನರ್ಸ್‌ಗಳು ಮೊದಲು ಖರ್ಚು ಮಾಡಬೇಕಾದದ್ದು ಕತ್ತಲೆಗೆ. ಬೆಳಿಗ್ಗೆ ಮನೆಗೆ ಬರುವಾಗ ಕಪ್ಪು ಕನ್ನಡಕ, ರೂಮಿಗೆ ದಪ್ಪ ಪರದೆ, ಡೋರ್‌ಬೆಲ್ ಬಂದ್. ರಜೆ ದಿನವೂ ನಿದ್ದೆಯ ಹೊತ್ತಿನಲ್ಲಿ ನಾಲ್ಕು ಗಂಟೆಯಾದರೂ ಕೆಲಸದ ದಿನದ್ದೇ ಇರಲಿ. ಮೆಲಟೋನಿನ್ ಇವರಿಗೆ ಸ್ವಲ್ಪ ಸಹಾಯ ಮಾಡಬಹುದು. ವಾರವಾರ ಪಾಳಿ ಬದಲಾದರೆ ಯಾವ ಮದ್ದೂ ಪೂರ್ತಿ ನಾಟುವುದಿಲ್ಲ, ಅಲ್ಲಿ ಮ್ಯಾನೇಜರ್ ಹತ್ತಿರ ಮಾತಾಡುವುದೇ ಚಿಕಿತ್ಸೆ.

ಗೊರಕೆಯವರು ಮೇಲಿನದೆಲ್ಲ ಬದಿಗಿಟ್ಟು ನಿದ್ರಾ ಪರೀಕ್ಷೆ ಮಾಡಿಸಿ. ಅಪ್ನಿಯಾ ಜೋರಾಗಿದ್ದರೆ ಉಸಿರು ಕಟ್ಟದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಬೇಕಾಗಬಹುದು, ಅದು ಮೂವತ್ತು ಸಾವಿರದ ಆಸುಪಾಸಿನಿಂದ ಶುರು. ದುಬಾರಿ ನಿಜ. ಆದರೆ ಇಲ್ಲಿ ಬೇರೆ ಅಗ್ಗದ ದಾರಿ ಹುಡುಕುತ್ತಾ ಕೂರುವ ವಿಷಯವೇ ಅಲ್ಲ.

ವರ್ಷಗಳಿಂದ ಆಲ್ಪ್ರಜೋಲಾಮ್ ಅಥವಾ ಕ್ಲೋನಜೆಪಾಮ್ ನುಂಗುತ್ತಿರುವವರು ಇದನ್ನೆಲ್ಲ ಓದಿ ಇವತ್ತೇ ಡಬ್ಬಿ ಎಸೆಯಬೇಡಿ. ಏಕಾಏಕಿ ನಿಲ್ಲಿಸಿದರೆ ಕೈ ನಡುಕ, ವಿಪರೀತ ಆತಂಕ, ಕೆಲವರಿಗೆ ಫಿಟ್ಸ್ ಕೂಡ ಬರುತ್ತದೆ. ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ, ವಾರಗಟ್ಟಲೆ, ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು. ಇಳಿಸುವಾಗಲೇ ಜೊತೆಗೆ ಸಿಬಿಟಿ-ಐ ಮಾಡಿದವರಿಗೆ ಬಿಡುವುದು ಸುಲಭವಾಗುತ್ತದೆ.

ಎಲ್ಲಿ ತೋರಿಸುವುದು ಗೊತ್ತಿಲ್ಲದವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ತಜ್ಞರಿರುತ್ತಾರೆ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನವರು ಕನ್ನಡದಲ್ಲೇ, ಯಾವ ಹೊತ್ತಿನಲ್ಲೂ, ದುಡ್ಡಿಲ್ಲದೆ ಮಾತಾಡುತ್ತಾರೆ. ಬದುಕೇ ಸಾಕು ಎನ್ನಿಸುವ ರಾತ್ರಿಗಳಿದ್ದರೆ ಹೋಲಿಕೆ, ಆಯ್ಕೆ ಎಲ್ಲ ಬಿಟ್ಟು ಮೊದಲು ಆ ನಂಬರಿಗೆ ಕರೆ ಮಾಡಿ.

ಡಾಕ್ಟರ ಹತ್ತಿರ ಹೋಗುವಾಗ ಎರಡು ವಾರದ ಡೈರಿ ಕೈಯಲ್ಲಿರಲಿ. ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ಎಷ್ಟು ಸಲ ಎಚ್ಚರ, ಎದ್ದಿದ್ದು ಯಾವಾಗ, ಕಾಫಿ ಎಷ್ಟಕ್ಕೆ. ಇಷ್ಟೇ, ದಿನಕ್ಕೊಂದು ಸಾಲು, ಬೆಳಿಗ್ಗೆ ಎದ್ದ ಮೇಲೆ ಅಂದಾಜಿನಲ್ಲಿ ಬರೆದರೆ ಸಾಕು. ನೀವು ತೆಗೆದುಕೊಳ್ಳುವ ಬೇರೆ ಮಾತ್ರೆಗಳ ಸ್ಟ್ರಿಪ್‌ಗಳನ್ನೂ ಒಂದು ಕವರಿಗೆ ಹಾಕಿ ಒಯ್ಯಿರಿ. ಚೀಟಿಯಲ್ಲಿ ನಿದ್ದೆ ಮಾತ್ರೆ ಬರೆದರೆ ಎಷ್ಟು ದಿನಕ್ಕೆ, ಆಮೇಲೆ ಹೇಗೆ ನಿಲ್ಲಿಸುವುದು ಅಂತ ಅಲ್ಲೇ ಕೇಳಿ, ಅದನ್ನೂ ಚೀಟಿಯಲ್ಲೇ ಬರೆಸಿಕೊಂಡು ಬನ್ನಿ.